ಹಳೇ ಲ್ಯಾಪ್‌ಟಾಪಿನೊಳಗೆ ಎಕ್ಸ್‌ಪಿ, ಕಾರಿನೊಳಗೆ ಕೆ-ಲೈನ್

ಸುಂಟಿಕೊಪ್ಪ ದಾಟಿ ಬೋಯಿಕೇರಿ ಕಡೆ ಏರು ಶುರುವಾಗುತ್ತಿದ್ದಂತೆ ಚಿಕ್ಕಪ್ಪನ ಕಾರಿಗೆ ಏದುಸಿರು. ಆಕ್ಸಿಲರೇಟರ್ ಪೂರ್ತಿ ತುಳಿದರೂ ಮೂರನೇ ಗೇರಿನಲ್ಲಿ ಎಳೆಯುವುದಿಲ್ಲ. ಎರಡಕ್ಕೆ ಇಳಿಸಬೇಕು, ಅಷ್ಟರಲ್ಲಿ ಹಿಂದಿನ ಬಸ್ಸಿನವನು ಹಾರ್ನ್ ಹೊಡೆಯುತ್ತಾನೆ. 2003ರ ಸ್ಕೋಡಾ ಆಕ್ಟೇವಿಯಾ, 1.9 ಟಿಡಿಐ ಡೀಸೆಲ್. ಇಪ್ಪತ್ತು ವರ್ಷ ಇದೇ ಏರನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಹತ್ತಿದ ಗಾಡಿ. ಕಪ್ಪು ಹೊಗೆ ಇಲ್ಲ, ಸದ್ದಿನಲ್ಲಿ ವ್ಯತ್ಯಾಸ ಇಲ್ಲ, ಶಕ್ತಿ ಮಾತ್ರ ಇಲ್ಲ.

ಮೈಸೂರಿನ ಒಂದು ವರ್ಕ್‌ಶಾಪಿನವರು ಫೋನಿನಲ್ಲೇ ತೀರ್ಪು ಕೊಟ್ಟರು: ಟರ್ಬೊ (ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಭಾಗ) ಹೋಗಿದೆ. "ನೋಡದೇನೇ ಹೇಳ್ತಾನಲ್ಲ ಮಾರಾಯ, ಇವನೇನು ಕಣಿ ಹೇಳೋನಾ?" ಅಂತ ಚಿಕ್ಕಪ್ಪ ಫೋನ್ ಇಟ್ಟು ನನ್ನ ಕಡೆ ತಿರುಗಿದರು. "ನಿನ್ನ ಹತ್ರ ಆ ಹಳೇ ಲ್ಯಾಪ್‌ಟಾಪ್ ಉಂಟಲ್ಲ, ಅದಕ್ಕೆ ಕಾರಿಗೆ ಹಾಕೋ ವೈರ್ ತರಿಸಿದ್ರೆ ಆಗಲ್ವಾ?"

ಆಗುತ್ತೆ ಎಂದೆ. ಆಗುವಷ್ಟರಲ್ಲಿ ಹನ್ನೊಂದು ದಿನ ಹೋಯಿತು.

ಮೊದಲು ಎಲ್ಲರೂ ಹೇಳುವ ಸುಲಭದ ದಾರಿಯನ್ನು ಮುಗಿಸಿಬಿಡುತ್ತೇನೆ. ಸ್ನೇಹಿತನೊಬ್ಬನ ಬಳಿ ಬ್ಲೂಟೂತ್‌ನ ಇಎಲ್‌ಎಂ327 ಇತ್ತು, ಕಾರಿನ ದೋಷ ಓದಿ ಫೋನಿಗೆ ಕಳಿಸುವ ಸಣ್ಣ ಸಾಧನ. ಸ್ಟೀರಿಂಗ್ ಕೆಳಗಿನ ಹದಿನಾರು ಪಿನ್ನಿನ ಸಾಕೆಟ್ಟಿಗೆ ಸರಿಯಾಗಿ ಕೂತಿತು, ದೀಪ ಹತ್ತಿತು, ಫೋನಿನ ಆ್ಯಪ್ ಐದು ನಿಮಿಷ ಹುಡುಕಿ ಕೈಚೆಲ್ಲಿತು. ಸಾಕೆಟ್ ಒಂದೇ ಆದರೂ ಒಳಗಿನ ಭಾಷೆ ಬೇರೆ. ಎಲ್ಲ ಕಂಪನಿಗಳ ಗಾಡಿಗೂ ಹೊಂದುವ ಒಬಿಡಿ ಭಾಷೆ ಯುರೋಪಿನ ಡೀಸೆಲ್ ಕಾರುಗಳಿಗೆ ಕಡ್ಡಾಯವಾದದ್ದು 2004ರ ಹೊತ್ತಿಗೆ. ನಮ್ಮಲ್ಲಿ ಇನ್ನೂ ತಡವಾಗಿ. ಈ ಕಾರಿನ ಇಂಜಿನ್ ಕಂಪ್ಯೂಟರ್ ಮಾತಾಡುವುದು ಫೋಕ್ಸ್‌ವ್ಯಾಗನ್ ಬಳಗದ ಸ್ವಂತ ಭಾಷೆ, ಕೆಡಬ್ಲ್ಯೂ1281. ಇಎಲ್‌ಎಂ327 ಚಿಪ್ಪಿಗೆ ಆ ಭಾಷೆ ಬರುವುದಿಲ್ಲ. ಅದನ್ನು ಬಲ್ಲದ್ದು ರಾಸ್-ಟೆಕ್ ಕಂಪನಿಯ ವ್ಯಾಗ್-ಕಾಮ್ ಎನ್ನುವ ಹಳೇ ಸಾಫ್ಟ್‌ವೇರ್, ಈಗಿನ ಹೆಸರು ವಿಸಿಡಿಎಸ್-ಲೈಟ್. ಅದಕ್ಕೆ ವಿಂಡೋಸ್ ಬೇಕು, ಜೊತೆಗೆ ಕೆಕೆಎಲ್ ಎನ್ನುವ ಸಾದಾ ಯುಎಸ್‌ಬಿ ಕೇಬಲ್.

ನನ್ನ ಲ್ಯಾಪ್‌ಟಾಪ್ ಥಿಂಕ್‌ಪ್ಯಾಡ್ ಟಿ61. 2007ರ ಮಾಡೆಲ್, ಕೋರ್ 2 ಡುಯೊ ಟಿ7300, 4 ಜಿಬಿ ರ್‍ಯಾಮ್, ನಾನೇ ಹಾಕಿದ ಎಸ್‌ಎಸ್‌ಡಿ. ಡೆಬಿಯನ್ ಲಿನಕ್ಸ್ ಇದೆ. ತೋಟದ ಚೆಕ್‌ರೋಲು (ಆಳುಗಳ ಹಾಜರಿ ಲೆಕ್ಕ), ಕಾಫಿ ಲೆಕ್ಕ ಎಲ್ಲ ಅದರಲ್ಲೇ. ಅದನ್ನು ಅಳಿಸಿ ವಿಂಡೋಸ್ ಹಾಕುವ ಪ್ರಶ್ನೆಯೇ ಇರಲಿಲ್ಲ. ಹಳೇ ವಿಂಡೋಸ್ ಆದ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ಕ್ಕೇ ಕೈ ಬಿಟ್ಟಿದೆ. ಅದನ್ನು ನೇರವಾಗಿ ಹಾಕಿ ಇಂಟರ್‌ನೆಟ್ಟಿಗೆ ಬಿಡುವುದು ಗೇಟು ತೆಗೆದಿಟ್ಟು ಮಲಗಿದ ಹಾಗೆ. ಆದರೆ ಲಿನಕ್ಸಿನ ಹೊಟ್ಟೆಯೊಳಗೆ ವರ್ಚುವಲ್ ಮೆಷಿನ್ (ಸಾಫ್ಟ್‌ವೇರಿನಲ್ಲೇ ಕಟ್ಟಿದ ಇನ್ನೊಂದು ಕಂಪ್ಯೂಟರ್) ಮಾಡಿ, ನೆಟ್‌ವರ್ಕ್ ಕಾರ್ಡೇ ಕೊಡದೆ ಕೂರಿಸಿದರೆ ಅದು ಯಾರಿಗೂ ತೊಂದರೆ ಕೊಡುವುದಿಲ್ಲ. ಲ್ಯಾಪ್‌ಟಾಪಿನ ತಳದಲ್ಲಿ ಎಕ್ಸ್‌ಪಿ ಸ್ಟಿಕ್ಕರ್ ಇನ್ನೂ ಓದುವ ಹಾಗಿತ್ತು.

ವರ್ಚುವಲ್ ಮೆಷಿನ್ ನಡೆಸಲು ಕೆವಿಎಂ ಆರಿಸಿಕೊಂಡೆ, ಡೆಬಿಯನ್ ಜೊತೆಗೇ ಬರುತ್ತದೆ ಎನ್ನುವ ಒಂದೇ ಕಾರಣಕ್ಕೆ. ಶುರುವಿನಲ್ಲೇ ಮುಗ್ಗರಿಸಿತು. ಪ್ರೊಸೆಸರಿಗೆ ವಿಟಿ-ಎಕ್ಸ್, ಅಂದರೆ ವರ್ಚುವಲ್ ಮೆಷಿನ್ ನಡೆಸಲು ಬೇಕಾದ ಸೌಲಭ್ಯ, ಇದೆ ಎಂದು ಲಿನಕ್ಸ್ ತೋರಿಸುತ್ತಿದೆ, ಆದರೆ ಬೂಟ್ ಸಂದೇಶಗಳಲ್ಲಿ "ಬಯೋಸ್ ತಡೆದಿದೆ" ಎಂಬ ಸಾಲು. ಆ ಕಾಲದ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಅದನ್ನು ಆಫ್ ಮಾಡಿಯೇ ಕಳಿಸುತ್ತಿದ್ದರು. ಬಯೋಸಿಗೆ, ಅಂದರೆ ಲ್ಯಾಪ್‌ಟಾಪಿನ ಮೂಲ ಸೆಟ್ಟಿಂಗುಗಳಿಗೆ ಹೋಗಿ ಆನ್ ಮಾಡಿದೆ, ರೀಸ್ಟಾರ್ಟ್ ಮಾಡಿದೆ, ಮತ್ತೆ ಅದೇ ಸಾಲು. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಕರೆಂಟು ಹೋಯಿತು. ಬ್ಯಾಟರಿ ಸತ್ತು ವರ್ಷವಾಗಿರುವುದರಿಂದ ಲ್ಯಾಪ್‌ಟಾಪೂ ಹೋಯಿತು. ಕರೆಂಟು ಬಂದ ಮೇಲೆ ನೋಡಿದರೆ ಕೆವಿಎಂ ಕೆಲಸ ಮಾಡುತ್ತಿದೆ! ಈ ಸೆಟ್ಟಿಂಗ್ ಬದಲಿಸಿದ ಮೇಲೆ ಬರೀ ರೀಸ್ಟಾರ್ಟ್ ಸಾಲದು, ಪೂರ್ತಿ ಆಫ್ ಆಗಿ ಆನ್ ಆಗಬೇಕು. ಕೊಡಗಿನ ಮಳೆಗಾಲದ ಪವರ್ ಕಟ್ಟಿನಿಂದ ನನಗೆ ಆದ ಉಪಕಾರ ಇದೊಂದೇ.

ಎಕ್ಸ್‌ಪಿಗೆ ಒಂದು ಸಿಪಿಯು, 512 ಎಂಬಿ ರ್‍ಯಾಮ್, 10 ಜಿಬಿ ಡಿಸ್ಕ್. ಡಿಸ್ಕನ್ನು ಐಡಿಇ ಎಂದೇ ಕೊಡಬೇಕು, ಹೊಸ ಥರದ ಡಿಸ್ಕ್ ಕೊಟ್ಟರೆ ಎಕ್ಸ್‌ಪಿ ಇನ್‌ಸ್ಟಾಲರಿಗೆ ಕಾಣುವುದಿಲ್ಲ. ಯುಎಸ್‌ಬಿ ಕಂಟ್ರೋಲರ್ 2.0 ಇರಲಿ, 3.0ಕ್ಕೆ ಎಕ್ಸ್‌ಪಿಯಲ್ಲಿ ಡ್ರೈವರ್ ಇಲ್ಲ. ಉಳಿದದ್ದೆಲ್ಲ ಮುಂದೆ ಮುಂದೆ ಒತ್ತುವ ಕೆಲಸ. ಒಂದೂವರೆ ಗಂಟೆ ಹಿಡಿಯಿತು, ಅಷ್ಟರಲ್ಲಿ ಚಿಕ್ಕಮ್ಮ ಮದ್ದುಸೊಪ್ಪಿನ ಪಾಯಸ ಕೊಟ್ಟರು. ಆವತ್ತು ಆಗಸ್ಟ್ 3, ಕಕ್ಕಡ ಹದಿನೆಂಟು, ಕೊಡಗಿನಲ್ಲಿ ಆ ಪಾಯಸ ಮಾಡುವ ದಿನ. ತಾರೀಕು ನೆನಪಿರುವುದು ಅದರಿಂದಲೇ.

ಇನ್ನು ಕೇಬಲ್. ಅದರೊಳಗೆ ಎಫ್‌ಟಿಡಿಐ ಕಂಪನಿಯ ಎಫ್‌ಟಿ232ಆರ್ ಚಿಪ್. ಕಂಪ್ಯೂಟರಿಗೆ ಅದು ಒಂದು ಸೀರಿಯಲ್ ಪೋರ್ಟ್. ಇನ್ನೊಂದು ತುದಿಯಲ್ಲಿ ಕಾರಿನ ಸಾಕೆಟ್ಟಿನ 7ನೇ ಪಿನ್, ಅದೇ ಕೆ-ಲೈನ್. 4 ಮತ್ತು 5 ಗ್ರೌಂಡ್, 16 ಬ್ಯಾಟರಿಯ 12 ವೋಲ್ಟ್. ಹೋಗುವ ಮಾತು, ಬರುವ ಮಾತು ಎರಡಕ್ಕೂ ಒಂದೇ ತಂತಿ.

ಇಲ್ಲಿ ನಾನು ಮಾಡಿದ ತಪ್ಪು ಬಹಳ ಜನ ಮಾಡುವಂಥದ್ದು. ಲಿನಕ್ಸ್ ಕೇಬಲ್ಲನ್ನು ಗುರುತಿಸಿ ತನ್ನದೇ ಸೀರಿಯಲ್ ಪೋರ್ಟ್ ಮಾಡಿಕೊಂಡಿತ್ತು. ಸರಿ, ಅದನ್ನೇ ವರ್ಚುವಲ್ ಮೆಷಿನ್ನಿಗೆ ಕಾಮ್1 ಎಂದು ಜೋಡಿಸಿದೆ. ಎಕ್ಸ್‌ಪಿಗೆ ಪೋರ್ಟ್ ಕಂಡಿತು, ವಿಸಿಡಿಎಸ್-ಲೈಟ್ ತೆರೆಯಿತು, 01-ಇಂಜಿನ್ ಒತ್ತಿದೆ. ಉತ್ತರವಿಲ್ಲ. ಇಪ್ಪತ್ತು ಸಲ ಒತ್ತಿದೆ, ಇಪ್ಪತ್ತು ಸಲವೂ ಇಲ್ಲ.

ಏಕೆ ಆಗುವುದಿಲ್ಲ ಎಂದು ತಿಳಿಯಲು ಲ್ಯಾಪ್‌ಟಾಪೂ ಕಾರೂ ಹೇಗೆ ಮಾತಾಡುತ್ತವೆ ಎನ್ನುವುದು ಗೊತ್ತಿರಬೇಕು. ಮಾತು ಶುರುವಾಗುವುದು ಸೆಕೆಂಡಿಗೆ 5 ಬಿಟ್ ವೇಗದಲ್ಲಿ, ಅಂದರೆ ಒಂದು ಬಿಟ್ಟಿಗೆ 200 ಮಿಲಿಸೆಕೆಂಡ್. ಇಂಜಿನ್ನಿನ ವಿಳಾಸ 01 ಕಳಿಸಲು ಶುರುವಿನ ಬಿಟ್, ಕೊನೆಯ ಬಿಟ್ ಸೇರಿ ಹತ್ತು ಬಿಟ್, ಪೂರಾ ಎರಡು ಸೆಕೆಂಡ್. ನಿದ್ದೆಯಲ್ಲಿರುವವನನ್ನು ಭುಜ ಹಿಡಿದು ಅಲ್ಲಾಡಿಸಿದಂತೆ. ಎದ್ದ ಇಸಿಯು (ಇಂಜಿನ್ ಕಂಪ್ಯೂಟರ್) ಒಮ್ಮೆಲೇ ವೇಗ ಹೆಚ್ಚಿಸುತ್ತದೆ. ಈ ಇಂಜಿನ್ನಿನದು 10400. ಲಿನಕ್ಸಿನ ಸೀರಿಯಲ್ ಪೋರ್ಟಿನ ಮಾಮೂಲಿ ವೇಗಗಳ ಪಟ್ಟಿಯಲ್ಲಿ 9600 ಇದೆ, 19200 ಇದೆ, 10400 ಇಲ್ಲ. ನಡುವೆ ನಿಂತ ವರ್ಚುವಲ್ ಮೆಷಿನ್ ಎಕ್ಸ್‌ಪಿ ಕೇಳಿದ ವೇಗಕ್ಕೆ ಹತ್ತಿರದ ಇನ್ನೊಂದನ್ನು ಕೊಟ್ಟು ಸುಮ್ಮನಾಗುತ್ತದೆ. ನೂರಕ್ಕೆ ಎಂಟರಷ್ಟು ತಪ್ಪಿದರೆ ಬರುವುದೆಲ್ಲ ಕಸ.

ಅದು ಸಾಲದೆಂದು ಕೆಡಬ್ಲ್ಯೂ1281ರ ಸ್ವಭಾವವೇ ಒಂದು ಥರ. ಕಾಫಿ ಮೂಟೆ ಲಾರಿಗೆ ಹಾಕುವಾಗ ತೋಟದ ರೈಟ್ರು ಲೆಕ್ಕ ಹಿಡಿಯುವುದನ್ನು ನೋಡಿರಬಹುದು. ಹೊತ್ತವನು "ಏಳು" ಅನ್ನಬೇಕು, ರೈಟ್ರು "ಏಳು" ಅಂದ ಮೇಲೇ ಮುಂದಿನ ಮೂಟೆ ಏಳುತ್ತದೆ. ಇಲ್ಲೂ ಹಾಗೆಯೇ, ಒಂದೊಂದು ಬೈಟ್ ಬಂದಾಗಲೂ ಕೇಳಿದವನು ಅದನ್ನು ತಿರುಗುಮುರುಗು ಮಾಡಿ ವಾಪಸ್ ಹೇಳಬೇಕು, ಸೊನ್ನೆ ಇದ್ದಲ್ಲಿ ಒಂದು, ಒಂದು ಇದ್ದಲ್ಲಿ ಸೊನ್ನೆ. ತಡ ಮಾಡಿದರೆ ಇಸಿಯು ಮುನಿಸಿಕೊಂಡು ಮಾತು ನಿಲ್ಲಿಸುತ್ತದೆ. ಇಲ್ಲಿ ಕಂಪ್ಯೂಟರಿನ ಶಕ್ತಿಯ ಪ್ರಶ್ನೆಯೇ ಅಲ್ಲ, 2007ರ ಲ್ಯಾಪ್‌ಟಾಪಿಗೆ ಇದು ಲೆಕ್ಕಕ್ಕಿಲ್ಲದ ಕೆಲಸ. ತಡವಾಗದಿರುವುದೇ ಎಲ್ಲ.

ಹಾಗಾಗಿ ಪೋರ್ಟನ್ನಲ್ಲ, ಇಡೀ ಯುಎಸ್‌ಬಿ ಸಾಧನವನ್ನೇ ಎಕ್ಸ್‌ಪಿ ಕೈಗೆ ಕೊಡಬೇಕು. ವರ್ಚುವಲ್ ಮೆಷಿನ್ ಸಂಭಾಳಿಸುವ ವರ್ಟ್-ಮ್ಯಾನೇಜರಿನಲ್ಲಿ ಹಾರ್ಡ್‌ವೇರ್ ಸೇರಿಸುವ ಕಡೆ ಹೋಗಿ, ಹೋಸ್ಟ್ ಯುಎಸ್‌ಬಿ ಸಾಧನಗಳಲ್ಲಿ 0403:6001 ಎನ್ನುವುದನ್ನು ಆರಿಸಿದೆ. ಅದು ಎಫ್‌ಟಿಡಿಐ ಚಿಪ್ಪಿನ ಗುರುತು. ಲಿನಕ್ಸ್ ಕೈ ಬಿಟ್ಟಿತು, ಎಕ್ಸ್‌ಪಿ "ಹೊಸ ಹಾರ್ಡ್‌ವೇರ್ ಸಿಕ್ಕಿದೆ" ಎಂದಿತು. ಎಕ್ಸ್‌ಪಿಗೆ ಒಗ್ಗುವ ಹಳೇ ಡ್ರೈವರನ್ನು ಐಎಸ್‌ಒ ಮಾಡಿ ಸಿಡಿಯಂತೆ ಒಳಗೆ ಹಾಕಿದೆ, ನೆಟ್‌ವರ್ಕ್ ಇಲ್ಲವಲ್ಲ. ಈಗ 10400 ಬೇಕೆಂದರೆ ಎಕ್ಸ್‌ಪಿಯ ಡ್ರೈವರ್ ನೇರ ಚಿಪ್ಪಿಗೇ ಹೇಳುತ್ತದೆ, ನಡುವೆ ದಲ್ಲಾಳಿ ಇಲ್ಲ.

ಡಿವೈಸ್ ಮ್ಯಾನೇಜರಿನಲ್ಲಿ ಎರಡು ತಿದ್ದುಪಡಿ ಬೇಕಾಯಿತು. ಎಕ್ಸ್‌ಪಿ ಅದಕ್ಕೆ ಕಾಮ್5 ಎಂದು ಹೆಸರಿಟ್ಟಿತ್ತು, ಈ ಸಾಫ್ಟ್‌ವೇರಿಗೆ ನಾಲ್ಕರ ಮೇಲೆ ಲೆಕ್ಕ ಬರುವುದಿಲ್ಲ, ಕಾಮ್3 ಮಾಡಿದೆ. ಅದೇ ಪುಟದಲ್ಲಿ ಲೇಟೆನ್ಸಿ ಟೈಮರ್ ಎಂದಿದೆ, 16 ಮಿಲಿಸೆಕೆಂಡ್. ಚಿಪ್ಪು ಬಂದ ಬೈಟುಗಳನ್ನು ಅಷ್ಟು ಹೊತ್ತು ಕೂಡಿಟ್ಟು ಒಟ್ಟಿಗೆ ಕಳಿಸುವ ಲೆಕ್ಕ. ಒಂದೊಂದೇ ಬೈಟಿಗೆ ಉತ್ತರ ಕೊಡಬೇಕಾದ ಕಡೆ ಈ ಜಾಣತನ ದುಬಾರಿ. 2ಕ್ಕೆ ಇಳಿಸಿದೆ.

ಮತ್ತೆ 01-ಇಂಜಿನ್. ಉತ್ತರವಿಲ್ಲ.

ಇದಾದ ಮೇಲೆ ಮೂರು ದಿನ ನಾನು ಮಾಡಿದ್ದನ್ನು ಬರೆಯಲು ನಾಚಿಕೆ. ವರ್ಚುವಲ್‌ಬಾಕ್ಸ್ ಹಾಕಿ ನೋಡಿದೆ, ಯುಎಸ್‌ಬಿ ಪೋರ್ಟ್ ಬದಲಿಸಿದೆ, ಎಕ್ಸ್‌ಪಿ ಎರಡನೇ ಸಲ ಹಾಕಿದೆ. ತಪ್ಪು ಕಂಪ್ಯೂಟರಿನದ್ದೇ ಎಂದು ಗಟ್ಟಿಯಾಗಿ ನಂಬಿದ್ದೆ, ಏಕೆಂದರೆ ಹೊಸದಾಗಿ ಕಟ್ಟಿದ್ದು ಅದನ್ನೇ. ಹೊರಗೆ ಮಳೆ ಬಿಡುತ್ತಿಲ್ಲ. ಕಾರು ಶೆಡ್ಡಿನಲ್ಲಿ, ನಾನು ಸೀಟಿನಲ್ಲಿ, ಕಿಟಕಿಯಿಂದ ಎಕ್ಸ್‌ಟೆನ್ಷನ್ ವೈರು. ಚಿಕ್ಕಪ್ಪ ಛತ್ರಿ ಹಿಡಿದು ಬಂದು ಇಣುಕಿ, "ಇನ್ನೂ ಮಾತಾಡ್ಲಿಲ್ವಾ ಅದು?" ಅಂತ ಕೇಳಿ ಹೋಗುತ್ತಿದ್ದರು.

ಕೊನೆಗೆ ಮಲ್ಟಿಮೀಟರ್ ತೆಗೆದುಕೊಂಡೆ. ಮೊದಲೇ ತೆಗೆದುಕೊಳ್ಳಬೇಕಿತ್ತು. ಕೇಬಲ್ಲಿನ ತಲೆಯ ಸ್ಕ್ರೂ ಬಿಚ್ಚಿ, ಸಾಕೆಟ್ಟಿಗೆ ಚುಚ್ಚಿ, ಇಗ್ನಿಷನ್ ಆನ್ ಮಾಡಿ 7ನೇ ಪಿನ್ನಿಗೂ ಗ್ರೌಂಡಿಗೂ ನಡುವೆ ಅಳೆದೆ. ಯಾರೂ ಮಾತಾಡದಿದ್ದಾಗ ಕೆ-ಲೈನ್ ಬ್ಯಾಟರಿಯ ಹತ್ತಿರ, ಅಂದರೆ 12 ವೋಲ್ಟಿನ ಸುತ್ತ ನಿಂತಿರಬೇಕು. ಮಾತಾಡುವವರು ಅದನ್ನು ಕೆಳಗೆಳೆದು ಬಿಡುತ್ತಾರೆ. ಇಲ್ಲಿ 2.8. ಯಾರೋ ತಂತಿಯನ್ನು ಹಿಡಿದುಕೊಂಡೇ ಕೂತಿದ್ದಾರೆ.

ಆ ಸಂಜೆ ಜೀಪಿನ ಬ್ರೇಕ್ ನೋಡಲು ಸುಂಟಿಕೊಪ್ಪದ ಮೆಕ್ಯಾನಿಕ್ ಅಣ್ಣ ಬಂದಿದ್ದರು. ಲ್ಯಾಪ್‌ಟಾಪ್ ಕಡೆ ಅವರು ಕಣ್ಣೆತ್ತಿಯೂ ನೋಡಲಿಲ್ಲ. ಡ್ಯಾಶ್‌ಬೋರ್ಡ್ ನೋಡಿದರು.

"ಈ ಸ್ಟೀರಿಯೋ ಕಂಪನಿದಲ್ಲ ಅಲ್ವಾ ಸಾರ್?"

"ಅಲ್ಲ, ಎರಡು ವರ್ಷ ಆಯ್ತು ಹಾಕಿಸಿ."

"ಅದನ್ನ ಕಿತ್ತು ನೋಡಿ. ಈ ಗಾಡಿಗಳಲ್ಲಿ ಬೇರೆ ಸ್ಟೀರಿಯೋ ಕೂರ್ಸಿದ್ರೆ ಸ್ಕ್ಯಾನರ್ ಹಿಡಿಯಲ್ಲ."

ಆ ಕಾಲದ ಈ ಬಳಗದ ಕಾರುಗಳಲ್ಲಿ ಕಂಪನಿಯ ರೇಡಿಯೋಗೂ ರೋಗ ಪರೀಕ್ಷೆ ಇತ್ತು, ಅದಕ್ಕೆಂದು ರೇಡಿಯೋದ ಹಿಂದಿನ ಪ್ಲಗ್ಗಿಗೂ ಕೆ-ಲೈನ್ ತಂದಿದ್ದರು. ಹೊರಗಿನ ಸ್ಟೀರಿಯೋದಲ್ಲಿ ಅದೇ ಜಾಗದ ಪಿನ್ನಿಗೆ ಬೇರೆಯೇ ಕೆಲಸ. ಹಾಕಿಕೊಟ್ಟವರು ಪ್ಲಗ್ ಸರಿಯಾಗಿ ಕೂತಿತು, ಹಾಡು ಬಂತು ಎಂದು ಹಾಗೇ ಬಿಟ್ಟಿದ್ದರು. ಪ್ಲಗ್ ಎಳೆದೆ. ಮೀಟರಿನಲ್ಲಿ 12.1.

01-ಇಂಜಿನ್. ಎರಡು ಸೆಕೆಂಡ್ ಮೌನ, ಆಮೇಲೆ ಪರದೆ ತುಂಬ ಬಂತು: ಇಸಿಯುವಿನ ಪಾರ್ಟ್ ನಂಬರ್, ಟಿಡಿಐ, ಬಾಷ್. ಶೆಡ್ಡಿನಿಂದಲೇ ಕೂಗಿದೆ. ಮೆಕ್ಯಾನಿಕ್ ಅಣ್ಣ ಜೀಪಿನ ಕೆಳಗಿಂದ ತಲೆ ಹೊರಗೆ ಹಾಕಿ, "ಹಿಡೀತಾ?" ಎಂದು ಕೇಳಿ ಮತ್ತೆ ಒಳಗೆ ಹೋದರು.

ಇದ್ದದ್ದು ಒಂದೇ ಕೋಡ್, 16485. ಈ ಐದಂಕಿಯ ಸಂಖ್ಯೆಗಳಿಗೆ ಪಟ್ಟಿ ಹುಡುಕಬೇಕಾಗಿಲ್ಲ. 16384 ಕಳೆದರೆ 101 ಉಳಿಯುತ್ತದೆ, ಅದೇ ಪಿ0101: ಒಳಬರುವ ಗಾಳಿಯನ್ನು ಅಳೆಯುವ ಏರ್ ಮಾಸ್ ಮೀಟರಿನ ಸಿಗ್ನಲ್ ನಂಬುವ ಹಾಗಿಲ್ಲ. ಟರ್ಬೊ ಸುದ್ದಿಯೇ ಇಲ್ಲ.

ಕೋಡ್ ನೋಡಿ ಸೆನ್ಸರ್ ಆರ್ಡರ್ ಮಾಡುವುದು ಸುಲಭ. ಆದರೆ ಕೋಡ್ ಹೇಳುವುದು ಎಲ್ಲಿ ಅನುಮಾನ ಬಂತು ಎಂದಷ್ಟೇ. ಮರುದಿನ ಮಳೆ ಸ್ವಲ್ಪ ಹೊಳವಾದಾಗ ಕುಶಾಲನಗರಕ್ಕೆ ಇಳಿದು, ಅಲ್ಲಿಂದ ಮಡಿಕೇರಿಗೆ ಹತ್ತಿದೆವು. ಚಿಕ್ಕಪ್ಪ ಸ್ಟೀರಿಂಗಿಗೆ, ನಾನು ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು. ಸಿಗರೇಟ್ ಲೈಟರಿನಿಂದ ಸಣ್ಣ ಇನ್ವರ್ಟರ್, ಅದರಿಂದ ಲ್ಯಾಪ್‌ಟಾಪಿನ ಚಾರ್ಜರ್. ಓಡಿಸುವವರೇ ಪರದೆ ನೋಡುವ ಕೆಲಸ ಈ ರಸ್ತೆಯಲ್ಲಂತೂ ಬೇಡ.

ಇಸಿಯು ತನ್ನ ಅಳತೆಗಳನ್ನು ಮೆಷರಿಂಗ್ ಬ್ಲಾಕ್ ಎನ್ನುವ ನಂಬರಿನ ಗುಂಪುಗಳಲ್ಲಿ ಕೊಡುತ್ತದೆ. 010ರಲ್ಲಿ ಹೊರಗಿನ ಗಾಳಿಯ ಒತ್ತಡ ತೋರಿಸುತ್ತದೆ. ಕುಶಾಲನಗರದಲ್ಲಿ 920 ಮಿಲಿಬಾರ್ ಸುತ್ತ ಇದ್ದದ್ದು ಮಡಿಕೇರಿ ಹೊತ್ತಿಗೆ 890ರ ಆಸುಪಾಸಿಗೆ ಬಂತು. ಸಮುದ್ರ ಮಟ್ಟದಲ್ಲಿ 1013. ಏರು ಹತ್ತಿದ ಹಾಗೆ ಅಂಕಿ ಇಳಿಯುವುದನ್ನು ನೋಡುತ್ತ ಕೆಲಸ ಮರೆತೇಹೋಗಿತ್ತು. ಇಪ್ಪತ್ತು ವರ್ಷ ಈ ಗಾಡಿ ಘಟ್ಟ ಅಳೆಯುತ್ತಲೇ ಇತ್ತಲ್ಲ, ನಮಗೆ ಗೊತ್ತಿರಲಿಲ್ಲ ಅಷ್ಟೆ. "ನೋಡಬೇಕಾದ್ದು ನೋಡು ಮಗ" ಎಂದರು ಚಿಕ್ಕಪ್ಪ.

ನೋಡಬೇಕಾದ್ದು 003 ಮತ್ತು 011. ಮೂರನೇ ಗೇರು, ಪೂರ್ತಿ ಆಕ್ಸಿಲರೇಟರ್, 2800 ಆರ್‌ಪಿಎಂ. 003ರಲ್ಲಿ ಒಂದು ಸ್ಟ್ರೋಕಿಗೆ ಒಳಬರುವ ಗಾಳಿ 540 ಮಿಲಿಗ್ರಾಂ. ಆರೋಗ್ಯದ ಇಂಜಿನ್ನಿಗೆ 800ರ ಹತ್ತಿರ ಇರಬೇಕು. ಎತ್ತರದಿಂದ ಗಾಳಿ ತೆಳುವಾಗಿದೆ ಎಂದರೂ ಲೆಕ್ಕ ಕೂಡುವುದಿಲ್ಲ, ಎತ್ತರದ ಪಾಲು ನೂರಕ್ಕೆ ಹನ್ನೆರಡು ಹದಿಮೂರು, ಅದನ್ನೂ ಟರ್ಬೊ ಬಹುಪಾಲು ತುಂಬಿಕೊಡುತ್ತದೆ. 011ರಲ್ಲಿ ಟರ್ಬೊ ಒತ್ತಡ ಕೇಳಿದ್ದಕ್ಕೂ ಬಂದದ್ದಕ್ಕೂ ಅಂತರವೇ ಇಲ್ಲ. ಅಂದರೆ ಟರ್ಬೊ ಗಟ್ಟಿಯಾಗಿದೆ. ಇಂಜಿನ್ನಿಗೆ ಗಾಳಿ ಸಿಗುತ್ತಿದೆ, ಆದರೆ ಮೀಟರ್ ಅದನ್ನು ಎಣಿಸುತ್ತಿಲ್ಲ. ಎಣಿಕೆಗೆ ಸಿಗದ ಗಾಳಿಗೆ ಇಸಿಯು ಡೀಸೆಲ್ ಕೊಡುವುದಿಲ್ಲ, ಕೊಟ್ಟರೆ ಹೊಗೆ ಬಂದೀತೆಂದು. ಹೊಗೆಯೂ ಇಲ್ಲ, ಶಕ್ತಿಯೂ ಇಲ್ಲ ಎನ್ನುವುದಕ್ಕೆ ಕಾರಣ ಇದು.

ಹಾಗಿದ್ದರೆ ಎರಡೇ ಸಾಧ್ಯತೆ. ಮೀಟರ್ ಸುಳ್ಳು ಹೇಳುತ್ತಿರಬೇಕು, ಇಲ್ಲವೇ ಮೀಟರ್ ದಾಟಿದ ಮೇಲೆ ಗಾಳಿ ಕಳ್ಳದಾರಿಯಲ್ಲಿ ನುಗ್ಗುತ್ತಿರಬೇಕು. ಮಡಿಕೇರಿಯ ರಾಜಾಸೀಟಿನ ಹತ್ತಿರ ನಿಲ್ಲಿಸಿ, ಬಾನೆಟ್ ಎತ್ತಿ, ಮೀಟರಿನಿಂದ ಟರ್ಬೊಗೆ ಹೋಗುವ ದಪ್ಪ ರಬ್ಬರ್ ಹೋಸಿನ ಕೆಳಮೈ ಸವರಿದೆ. ಎರಡು ಬೆರಳು ಒಳಗೆ ಹೋದವು. ಮೇಲಿನಿಂದ ನೋಡಿದರೆ ಹೊಸದರಂತೆ ಹೊಳೆಯುವ ಹೋಸು, ಕೆಳಗೆ ಸಣ್ಣ ಸಣ್ಣ ಹಲ್ಲಿನ ಗುರುತು. ಶೆಡ್ಡಿನ ಪಕ್ಕದಲ್ಲೇ ಭತ್ತದ ಮೂಟೆ. ಮಳೆಗಾಲದಲ್ಲಿ ಇಲಿಗೆ ಬೆಚ್ಚಗಿನ ಇಂಜಿನ್ನಿಗಿಂತ ಒಳ್ಳೆಯ ಮನೆ ಎಲ್ಲಿದೆ? ಬ್ಯಾಟರಿ ತಟ್ಟೆಯ ಹಿಂದೆ ಹರಿದ ಸಿಮೆಂಟು ಚೀಲದ ಎಳೆ, ಹೊಟ್ಟು, ಅರ್ಧ ತಿಂದ ಕಿತ್ತಳೆ ಸಿಪ್ಪೆ.

"ಟರ್ಬೊ ಹೋಗಿದೆ ಅಂದ್ನಲ್ಲ ಅವನು!" ಚಿಕ್ಕಪ್ಪ ಅಲ್ಲೇ ಫೋನ್ ತೆಗೆದರು. ಬೇಡ ಎಂದು ತಡೆದೆ.

ಸೈಕಲ್ ಟ್ಯೂಬ್ ಕತ್ತರಿಸಿ ಎರಡು ಸುತ್ತು ಬಿಗಿದು, ಎರಡೂ ಕಡೆ ಹೋಸ್ ಕ್ಲಿಪ್ ಹಾಕಿ ಮನೆಗೆ ಬಂದೆವು. ಆರು ದಿನದ ನಂತರ ಹೊಸ ಹೋಸ್ ಬಂತು. ಅದೇ ಏರು, ಅದೇ ಗೇರು, 810. ಬಸ್ಸು ಹಿಂದೆಯೇ ಉಳಿಯಿತು.

ಇನ್ನು ಬಾಕಿ ಕೆಲಸ. ಸ್ಟೀರಿಯೋ ಪ್ಲಗ್ಗಿನಿಂದ ಕೆ-ಲೈನಿನ ಪಿನ್ನೊಂದನ್ನೇ ಹೊರಗೆಳೆದು ಟೇಪ್ ಸುತ್ತಿದ್ದೇನೆ, ಈಗ ಹಾಡೂ ಬರುತ್ತದೆ, ಸ್ಕ್ಯಾನರೂ ಹಿಡಿಯುತ್ತದೆ. ಲೇಟೆನ್ಸಿ ಟೈಮರನ್ನು ಒಮ್ಮೆ ಕುತೂಹಲಕ್ಕೆ 16ಕ್ಕೆ ವಾಪಸ್ ಇಟ್ಟು ನೋಡಿದೆ: ಸೆಕೆಂಡಿಗೆ ಮೂರರ ಹತ್ತಿರ ಬರುತ್ತಿದ್ದ ರೀಡಿಂಗ್ ಒಂದಕ್ಕೆ ಇಳಿಯಿತು, ಎರಡು ಸಲ ಸಂಪರ್ಕವೂ ಕಡಿಯಿತು. 2ರಲ್ಲೇ ಇರಲಿ. ಎಕ್ಸ್‌ಪಿಯ ಡಿಸ್ಕ್ ಫೈಲನ್ನು ಮೆಕ್ಯಾನಿಕ್ ಅಣ್ಣನ ಮಗನಿಗೆ ಪೆನ್‌ಡ್ರೈವಿನಲ್ಲಿ ಕೊಡಲು ಹೋದರೆ ಅರ್ಧದಲ್ಲಿ ನಿಂತಿತು. ಪೆನ್‌ಡ್ರೈವ್ ಫ್ಯಾಟ್32, ಅದರಲ್ಲಿ 4 ಜಿಬಿ ಮೀರಿದ ಒಂದೇ ಫೈಲ್ ಕೂರುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡುವಷ್ಟರಲ್ಲಿ ನೆನಪಾಯಿತು, ಫೈಲಿನೊಳಗಿನ ಎಕ್ಸ್‌ಪಿ ನನ್ನ ಲ್ಯಾಪ್‌ಟಾಪಿನ ತಳದ ಸ್ಟಿಕ್ಕರಿಗೆ ಸೇರಿದ್ದು. ಹಾಗಾಗಿ ಫೈಲ್ ಕೊಡಲಿಲ್ಲ. ಮಾಡುವ ಕ್ರಮವನ್ನು ಒಂದು ಹಾಳೆಯಲ್ಲಿ ಬರೆದು ಕೊಟ್ಟೆ, ಮೊದಲ ಸಾಲಿನಲ್ಲೇ "ಸ್ಟೀರಿಯೋ ಕೀಳು" ಎಂದು.

ಶೆಡ್ಡಿನಲ್ಲಿ ಈಗ ಎರಡು ಇಲಿಬೋನು ಇಟ್ಟಿದ್ದೇವೆ. ಇದುವರೆಗೆ ಒಣಮೀನು ಮಾತ್ರ ಖಾಲಿಯಾಗಿದೆ.